ಬಾಗಿನಕ್ಕೆ ಬರುವ ಸೆರಗು

ಇವತ್ತು ಗೌರಿ ಹಬ್ಬ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಸುವಿಗೆ ಹಿಂಡಿ ಇಟ್ಟೆ. ಎರಡು ಕಾಯಿ ತುರಿದು ಬೆಲ್ಲದ ಜೊತೆ ಒಲೆಯ ಮೇಲಿಟ್ಟು ಒಬ್ಬಟ್ಟಿನ ಹೂರಣ ಮಾಡಿದೆ. ಅರಿಶಿನದ ಗೌರಿ ಮಾಡಿ, ಪೂಜೆ ಮುಗಿಸಿ, ದಾರ ಕಟ್ಟಿಕೊಂಡೆ. ಬಲ ಭುಜಕ್ಕೆ ಎಣ್ಣೆ ಸವರಿ ಬಿಸಿನೀರಿನ ಶಾಖ ಕೊಟ್ಟುಕೊಂಡೆ. ಯಜಮಾನರಿಗೆ ಎರಡನೇ ಸಲ ಕಾಫಿ ಕೊಡುವಾಗ, ಅಟ್ಟದ ಮೇಲಿರುವ ಬಿಸ್ಕತ್ತಿನ ಡಬ್ಬ ಇಳಿಸಿಕೊಡಿ ಎಂದು ಕೇಳಿದೆ. ನನ್ನ ಕೈ ಅಷ್ಟೆತ್ತರಕ್ಕೆ ಹೋಗುವುದಿಲ್ಲ.

“ಆ ಡಬ್ಬ ಈಗ್ಯಾಕೆ? ಕೆಲಸ ಬುಟ್ಟು ಎರಡು ವರ್ಷ ಆಯ್ತಲ್ಲ.”

“ದಂಡಿನಶಿವರಕ್ಕೆ ಹೋಗಿ ಬತ್ತೀನಿ.”

“ಸರೋಜಕ್ಕ ಬರಬ್ಯಾಡ ಅಂದಿದ್ರಲ್ಲ?”

“ಅಂದಿದ್ದಕ್ಕೇ ಹೋಗ್ತಿರೋದು. ಇಳಿಸಿಕೊಡ್ರೀ.”

ಡಬ್ಬದಲ್ಲಿ ಸೀರೆ ಪಿನ್ನುಗಳು, ಬಟ್ಟೆ ಕ್ಲಿಪ್ಪುಗಳು, ಬಿಳಿ ಲಾಡಿಯ ಸುರುಳಿ, ಒಂದು ಸಣ್ಣ ಕತ್ತರಿ ಇದ್ದವು. ತುರುವೇಕೆರೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು, ಹಬ್ಬಕ್ಕೆ, ಮದುವೆಗೆ, ಸೀಮಂತಕ್ಕೆ ಹೆಂಗಸರಿಗೆ ಸೀರೆ ಉಡಿಸುತ್ತ ನನ್ನ ಅರ್ಧ ಆಯುಸ್ಸು ಕಳೆದಿದೆ. ನಾನೊಬ್ಬಳೇ ಉಡಿಸಿದ್ದಲ್ಲ. ನಾನು ಮತ್ತು ಸರೋಜಕ್ಕ. ಒಂದು ಜೊತೆ ಎತ್ತಿನ ಹಾಗೆ ನಮ್ಮಿಬ್ಬರ ಹೆಸರನ್ನು ಜನ ಒಟ್ಟಿಗೇ ಹೇಳುತ್ತಿದ್ದರು. ಭುಜ ಹಿಡಿದುಕೊಂಡು ಕೈ ಮೇಲೇಳದಂತಾದಾಗ ನಾನು ಬಿಟ್ಟೆ. ಅವಳು ಒಬ್ಬಳೇ ಮುಂದುವರಿಸಿದಳು.

ಈ ವರ್ಷ ಅವಳ ಮಗಳು ಅಶ್ವಿನಿಯ ಮದುವೆಯಾಯಿತು. ಮದುವೆಯ ಗಲಾಟೆ ಮುಗಿದು ಚಪ್ಪರ ಬಿಚ್ಚುವ ಹೊತ್ತಿಗೆ ಸರೋಜಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ಮಾತ್ರ ಎಲ್ಲೂ ಹೋಗಲಿಲ್ಲ. ಅಂದಿನಿಂದ ನೈಟಿಯಲ್ಲೇ ಇದ್ದಾಳೆ. ತಾಲ್ಲೂಕಿಗೆಲ್ಲ ಸೀರೆ ಉಡಿಸಿದವಳಿಗೆ ಸೀರೆ ಉಡಿಸುವವರಿಲ್ಲ.

ಹೊಸದಾಗಿ ಮದುವೆಯಾದ ಹುಡುಗಿ ಮೊದಲ ಗೌರಿಗೆ ತವರಿಗೆ ಬಂದು ತಾಯಿಯ ಕೈಯಿಂದ ಮೊರದ ಬಾಗಿನ ತಗೊಳ್ಳಬೇಕು. ಅದು ಒಮ್ಮೆ ಮಾತ್ರ ಬರುವ ಮೊದಲ ಬಾಗಿನ. ನಿನ್ನೆ ಫೋನು ಮಾಡಿದರೆ ಸರೋಜಕ್ಕ ಹೇಳಿದಳು: “ನಮ್ಮ ನಾದಿನಿ ಕೊಡ್ತಾಳೆ ಬುಡು. ನೈಟಿ ಹಾಕ್ಕೊಂಡು ಯಾರಾದ್ರೂ ಬಾಗಿನ ಕೊಡ್ತಾರಾ? ಅದೂ ಎಡಗೈಲಿ? ನೀನೇನೂ ಬರಬ್ಯಾಡ.” ಫೋನಿಟ್ಟ ಮೇಲೆ ಅಶ್ವಿನಿ ಗಂಡನ ಮನೆಯಿಂದ ಫೋನು ಮಾಡಿದಳು. “ಚಿಕ್ಕಮ್ಮ, ಅಮ್ಮ ಕೊಡದಿದ್ರೆ ನಂಗೆ ಯಾರ ಕೈಯಿಂದಾನೂ ಬ್ಯಾಡ,” ಎಂದಳು. ಅಷ್ಟು ಹೇಳಿ ಫೋನಿಟ್ಟಳು.

ಹೂರಣದಲ್ಲಿ ಅರ್ಧ ಯಜಮಾನರಿಗೆ ಬಿಟ್ಟು, ಅರ್ಧ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತರೆ ತೋಟದ ಹಿಂದೆ ತೋಟ. ಇದೇ ದಾರಿಯಲ್ಲಿ ಎಷ್ಟು ಹಬ್ಬಕ್ಕೆ ಇಬ್ಬರೂ ಓಡಾಡಿದ್ದೇವೋ! ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ನನ್ನ ಹತ್ತಿರ ಬಂದು, ಆಂಟಿ, ಮೊದಲು ಏನು ಕಲೀಬೇಕು ಎಂದು ಕೇಳುತ್ತಿರುತ್ತಾರೆ. ಅವರಿಗೆ ಹೇಳಬೇಕೆಂದುಕೊಂಡದ್ದೆಲ್ಲ ಬಸ್ಸಿನಲ್ಲಿ ನೆನಪಾಯಿತು. ಬರೆದಿಡುತ್ತೇನೆ.

ನಾನು ಮೊದಲು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದೆ, ಅಷ್ಟೇ. ಒಂದು ದಿನ ಸರೋಜಕ್ಕ ಸೀರೆ ಕೊಡಲು ಬಂದವಳು, ನನ್ನ ಅಂಗಡಿಯಲ್ಲೇ ಇದ್ದ ಒಬ್ಬ ಬಸುರಿ ಹುಡುಗಿಯ ಸೀರೆ ಸರಿಮಾಡತೊಡಗಿದಳು. ಮುಂದೆ ಮಂಡಿಯೂರಿ ನೆರಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿ, “ಏನೇ ನೋಡ್ತಾ ಕೂತಿದ್ದೀಯ? ಹಿಂದೆ ನಿಂತ್ಕಳೇ,” ಎಂದು ಗದರಿದಳು. ನಾನು ಎದ್ದು ಹಿಂದೆ ನಿಂತೆ. ಅವತ್ತಿನಿಂದ ಅವಳು ಮುಂದಿನ ಕೈ, ನಾನು ಹಿಂದಿನ ಕೈ. ಮುಂದಿನ ಕೈಯದು ನೆರಿಗೆ, ಸೊಂಟ, ಅಂಚು ನೆಲ ಮುಟ್ಟುವ ಅಳತೆ. ಹಿಂದಿನ ಕೈಯದು ಸೆರಗು, ಬೆನ್ನು, ಭುಜ. ಇಬ್ಬರೂ ಮಾತಾಡುತ್ತಿರಲಿಲ್ಲ. ಮುಂದೆ ಅವಳು ಬಟ್ಟೆ ಎಳೆದರೆ ಹಿಂದೆ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಮಧ್ಯದಲ್ಲಿ ನಿಂತ ಹೆಂಗಸು ಮಾತ್ರ ತನ್ನ ಅತ್ತೆಯ ಮೇಲಿನ ದೂರನ್ನೆಲ್ಲ ಹೇಳಿಕೊಳ್ಳುತ್ತಿದ್ದಳು. ಸೀರೆ ಉಡಿಸಿಕೊಳ್ಳುತ್ತ ನಿಂತ ಹೆಂಗಸು ಏನನ್ನೂ ಮುಚ್ಚಿಡುವುದಿಲ್ಲ. ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು. ಇದನ್ನು ನನಗೆ ಸರೋಜಕ್ಕ ನೆರಿಗೆಗಿಂತ ಮೊದಲು ಕಲಿಸಿದಳು.

ನನ್ನ ದೊಡ್ಡ ಎಡವಟ್ಟು ನಡೆದದ್ದೂ ಗೌರಿ ಹಬ್ಬದಲ್ಲೇ. ಚಿಕ್ಕನಾಯಕನಹಳ್ಳಿಯ ಒಂದು ಮನೆಗೆ ಸೊಸೆಯನ್ನು ಸಿಂಗಾರ ಮಾಡಲು ಹೋಗಿದ್ದೆವು. ಆಗತಾನೆ ಸೆರಗನ್ನು ಸಣ್ಣ ಸಣ್ಣ ನೆರಿಗೆ ಮಾಡಿ ಭುಜಕ್ಕೆ ಪಿನ್ನು ಹಾಕುವುದು ಬಂದಿತ್ತು. ಮಾಸಪತ್ರಿಕೆಯಲ್ಲಿ ಚಿತ್ರ ನೋಡಿದ್ದ ನಾನು, ಬೀಸಣಿಗೆ ಮಡಿಸಿದ ಹಾಗೆ ಮಡಿಸಿ, ರವಿಕೆಗೆ ಸೇರಿಸಿ ಸಾಲಾಗಿ ಪಿನ್ನು ಹೊಡೆದುಬಿಟ್ಟೆ. ಬಂದವರೆಲ್ಲ ಹೊಗಳಿದರು. ನಾನೂ ಉಬ್ಬಿದೆ.

ಬಾಗಿನದ ಹೊತ್ತು ಬಂತು. ಬಾಗಿನ ಕೊಡುವವರು ಮೊರದ ಮೇಲೆ ಸೆರಗು ಮುಚ್ಚಿ ಕೊಡಬೇಕು, ತಗೊಳ್ಳುವವರು ಸೆರಗು ಒಡ್ಡಿ ತಗೊಳ್ಳಬೇಕು. ಅತ್ತೆ ತುಂಬಿದ ಮೊರ ಹಿಡಿದು ನಿಂತಿದ್ದಾರೆ. ಸೊಸೆ ಸೆರಗು ಎಳೆಯುತ್ತಾಳೆ, ಬರುವುದಿಲ್ಲ. ಇನ್ನೂ ಎಳೆದಳು. ಭುಜದ ಹತ್ತಿರ ಪರ್ ಎಂದಿತು. ಅತ್ತೆ ಭಾರದ ಮೊರವನ್ನು ಸೊಂಟಕ್ಕೆ ಆನಿಸಿಕೊಂಡರು. “ಏನಮ್ಮ, ನಮ್ಮನೆ ಬಾಗಿನ ಬ್ಯಾಡ್ವಾ ನಿಂಗೆ?” ಎಂದು ಯಾರೋ ಮುದುಕಿ ಅಂದೇಬಿಟ್ಟಳು. ಹುಡುಗಿಯ ಕಣ್ಣಲ್ಲಿ ನೀರು. ಸರೋಜಕ್ಕ ಹೂ ಸರಿಮಾಡುವವಳ ಹಾಗೆ ಅವಳ ಹಿಂದೆ ಹೋಗಿ, ಜಡೆಯ ಕೆಳಗೆ ಕೈ ಹಾಕಿ, ನೋಡದೇ ಒಂದೊಂದಾಗಿ ಪಿನ್ನು ಬಿಚ್ಚಿದಳು. ಬಿಚ್ಚಿದ ಪಿನ್ನುಗಳನ್ನೆಲ್ಲ ತನ್ನ ಬಾಯಲ್ಲಿ ಕಚ್ಚಿಕೊಂಡಿದ್ದಳು. ಸೆರಗು ಬಂತು.

ದಾರಿಯಲ್ಲಿ ನಾನು ಬೈಗುಳಕ್ಕೆ ಕಾದೆ. ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಸುಲಿಯುತ್ತ ಅವಳು ಹೇಳಿದ್ದಿಷ್ಟೇ: “ಚೆಂದ ಕಾಣ್ಸೋಕೆ ಉಟ್ಕೊಳ್ಳೋದು ಸರಿ ಕಣೇ ಗಿರ್ಜಾ. ಆದ್ರೆ ಹಬ್ಬದ ದಿನ ಸೀರೆಗೂ ಕೆಲಸ ಐತೆ.”

ಅಂದಿನಿಂದ ನಮ್ಮದೊಂದು ಪದ್ಧತಿಯಾಯಿತು. ಹಬ್ಬಕ್ಕೆ ಉಡಿಸಿದ ಪ್ರತಿ ಹೆಂಗಸನ್ನೂ ಕಳಿಸುವ ಮುಂಚೆ, “ಎಲ್ಲಿ, ಬಾಗಿನ ತೋರ್ಸು,” ಎನ್ನುತ್ತಿದ್ದಳು ಸರೋಜಕ್ಕ. ಅವರು ಎರಡೂ ಕೈ ಮುಂದೆ ಚಾಚಿ, ಇಲ್ಲದ ಮೊರವನ್ನು ಹಿಡಿದು, ಸೆರಗು ಎಳೆದು ಅದರ ಮೇಲೆ ಮುಚ್ಚಿ ತೋರಿಸಬೇಕು. ಸೆರಗು ಬಂದರೆ ಸರಿ. ಬಾರದಿದ್ದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಎಷ್ಟೋ ಜನ ಬಸ್ಸು ತಪ್ಪುತ್ತೆ ಎಂದು ಬೈದುಕೊಂಡಿದ್ದಾರೆ.

ದೇವರಿಗೆ ಉಡಿಸುವ ಕೆಲಸವೂ ಇತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮನೆ ಮನೆಗೆ ಹೋಗಿ ಕಳಶಕ್ಕೆ ಸೀರೆ ಉಡಿಸುತ್ತಿದ್ದೆವು. ಸೀರೆಯನ್ನು ಮೊದಲೇ ನೆರಿಗೆ ಹಿಡಿದು, ಲಾಡಿ ಕಟ್ಟಿ, ಬಿಂದಿಗೆಗೆ ಸುತ್ತಿ, ಕೂತ ಹೆಂಗಸಿನ ಮಡಿಲಿನ ಹಾಗೆ ಮಣೆಯ ಮೇಲೆ ಹರಡಬೇಕು. ಆ ಸೀರೆಯನ್ನು ಆಮೇಲೆ ಮನೆಯ ಹೆಂಗಸು ಉಡುತ್ತಾಳಾದ್ದರಿಂದ ಪಿನ್ನು ಚುಚ್ಚುವಂತಿಲ್ಲ. ತೆಂಗಿನ ಗರಿಯ ಕಡ್ಡಿಯ ತುದಿ ಸೀಳಿ, ಅದರಲ್ಲಿ ನೆರಿಗೆ ಸಿಕ್ಕಿಸುತ್ತಿದ್ದೆವು. ಬಟ್ಟೆ ಕ್ಲಿಪ್ಪು ಬಂದದ್ದು ಎಷ್ಟೋ ವರ್ಷದ ಮೇಲೆ.

ಹುಳಿಯಾರಿನ ಒಂದು ಮನೆಯ ಯಜಮಾನರು ಕಳಶಕ್ಕೆಂದು ತಂದ ಕಾಯಿ ನೋಡಿ ನಾವು ದಂಗಾದೆವು. ಕುಂಬಳಕಾಯಿಯಷ್ಟಿತ್ತು. “ನಮ್ಮ ತ್ವಾಟದ್ದೇ ಕಣಮ್ಮ. ಇಂಥ ಕಾಯಿ ಇನ್ನೊಬ್ಬರ ತ್ವಾಟದಲ್ಲಿ ತೋರಿಸ್ಬುಡಿ, ನೋಡ್ತೀನಿ,” ಎಂದರು. ಚಿಕ್ಕ ಕಾಯಿ ಕೊಡಿ ಎಂದರೆ ಅವಮಾನವಾದ ಹಾಗೆ ಮುಖ ಮಾಡಿದರು. ಬೆಳ್ಳಿ ಮುಖವಾಡ ಕಟ್ಟಿ, ಸೀರೆ ಉಡಿಸಿ, ಒಡವೆ ಹಾಕಿ ಮುಗಿಸಿದೆವು. ಅವರು ಕೈ ಮುಗಿದು ಹಿಂದಕ್ಕೆ ಹೆಜ್ಜೆಯಿಟ್ಟರೆ ಲಕ್ಷ್ಮಿ ಮೆಲ್ಲಗೆ ತಲೆಯಾಡಿಸಿದಳು.

“ನೋಡಿದ್ರಾ! ತಾಯಿ ಒಪ್ಕೊಂಡ್ಳು!”

“ಒಪ್ಕೊಂಡಿಲ್ಲ ಕಣಪ್ಪ, ಬೀಳ್ತಾವ್ಳೆ, ಹಿಡ್ಕೊ!” ಎಂದು ಸರೋಜಕ್ಕ ಹಾರಿದಳು.

ಒಡವೆ, ಹೂವು, ಸೀರೆ ಎಲ್ಲ ತೆಗೆದು, ಬೆನ್ನಿಗೆ ಟವೆಲ್ ಸುತ್ತಿದ ಕೋಲು ಕಟ್ಟಿ, ಮತ್ತೆ ಉಡಿಸಿದೆವು. ಕೂತವಳಿಗೆ ಮೊದಲು ಬೆನ್ನಿಗೆ ಆಸರೆ ಕೊಡಬೇಕು, ಆಮೇಲೆ ಸೀರೆ ಮುಟ್ಟಬೇಕು ಎಂದು ಅವತ್ತು ಕಲಿತೆವು. ಆ ಮನೆಯವರು ಮಾತ್ರ ನಮ್ಮ ಲಕ್ಷ್ಮಿ ತಲೆಯಾಡಿಸಿದಳು ಎಂದೇ ಊರಲ್ಲೆಲ್ಲ ಹೇಳಿಕೊಂಡರು.

ಆಮೇಲೆ ಕಾಲ ಬದಲಾಯಿತು. ಇಸ್ತ್ರಿಪೆಟ್ಟಿಗೆಯಲ್ಲಿ ನೆರಿಗೆ ಒತ್ತಿ, ಡಬ್ಬದಲ್ಲಿ ಮಡಿಸಿಟ್ಟು ಹಿಂದಿನ ದಿನವೇ ಕೊಟ್ಟುಕಳಿಸುವುದು ಬಂತು. ಹೊಲಿದಿಟ್ಟ ಸೀರೆ ಬಂತು, ಲಂಗದ ಹಾಗೆ ಹಾಕಿಕೊಂಡರೆ ಮುಗಿಯಿತು. ಅದೇನೂ ತಪ್ಪಲ್ಲ. ಬೆಳಗಿನ ಜಾವ ಎದ್ದು ಮನೆ ಮಂದಿಗೆಲ್ಲ ಅಡುಗೆ ಮಾಡಿ ಹಬ್ಬಕ್ಕೆ ಸಿದ್ಧವಾಗಬೇಕಾದ ಹೆಂಗಸಿಗೆ ಅದರಿಂದ ಎಷ್ಟೋ ಅನುಕೂಲ. ಆದರೆ ಹಬ್ಬದ ಬೆಳಗ್ಗೆ ನಮ್ಮ ಮುಂದಿನ ಕೋಣೆಯಲ್ಲಿ ತುಂಬುತ್ತಿದ್ದ ಮಲ್ಲಿಗೆಯ ವಾಸನೆ, ಹೊಸ ಸೀರೆಯ ಗಂಜಿಯ ವಾಸನೆ, ನನ್ನದು ಮೊದಲು ನನ್ನದು ಮೊದಲು ಎನ್ನುವ ಗಲಾಟೆ, ಅದರ ನಡುವೆ ಸರೋಜಕ್ಕನ “ಬಾಗಿನ ತೋರ್ಸು” ಎನ್ನುವ ಕೂಗು! ಈಗ ಹಬ್ಬದ ಬೆಳಗ್ಗೆ ಆ ಕೋಣೆಯಲ್ಲಿ ಒಣಗಿಸಿದ ಕೊಬ್ಬರಿ ಚೀಲಗಳಿವೆ. ಒಮ್ಮೊಮ್ಮೆ ಕಾರಣವಿಲ್ಲದೇ ಹೋಗಿ ನಿಂತು ಬರುತ್ತೇನೆ.

ದಂಡಿನಶಿವರದಲ್ಲಿ ಇಳಿದು ಅವಳ ಮನೆಗೆ ಹೋದರೆ, ಅವಳ ಗಂಡ ರಂಗಣ್ಣ ಬಾಗಿಲಲ್ಲೇ ಇದ್ದರು. “ಬಾಮ್ಮ ಗಿರ್ಜಮ್ಮ. ಬೆಳಗ್ಗಿಂದ ಗುಡುಗ್ತಾವ್ಳೆ, ಹುಷಾರು,” ಎಂದು ಪಿಸುಗುಟ್ಟಿದರು. ಒಳಗೆ ಸರೋಜಕ್ಕ ಕೈಯಿರುವ ಕುರ್ಚಿಯಲ್ಲಿ ಕೂತಿದ್ದಳು. ಬಲಗೈ ಮಡಿಲಲ್ಲಿ ಮುದುರಿಕೊಂಡಿತ್ತು. ನನ್ನನ್ನು ಕಂಡು ಅದರ ಮೇಲೆ ಟವೆಲ್ ಎಳೆದುಕೊಂಡಳು. ಅಶ್ವಿನಿ ಹೊಸ ಸೀರೆಯುಟ್ಟು, ಅತ್ತ ಕಣ್ಣಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ನಾದಿನಿ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡುತ್ತ, ಈ ಕಡೆಗೆ ಕಿವಿಯಿಟ್ಟಿದ್ದಳು.

“ಬರಬ್ಯಾಡ ಅಂದ್ರೆ ಕೇಳಕ್ಕಿಲ್ವಾ ನೀನು?”

“ಯಾವತ್ತು ಕೇಳಿದ್ದೀನಿ? ಯಾವ ಸೀರೆ?”

“ಯಾವುದೂ ಇಲ್ಲ.”

ಅಶ್ವಿನಿ ಆಗಲೇ ಬೀರುವಿನಿಂದ ಹಸಿರು ಮೊಳಕಾಲ್ಮೂರು ಸೀರೆ ತಂದಿದ್ದಳು. ನೈಟಿ ತೆಗೆದು ಲಂಗ, ರವಿಕೆ ತೊಡಿಸಿ, ನಾನೂ ಅಶ್ವಿನಿಯೂ ಸೇರಿ ಎಬ್ಬಿಸಿ ನಿಲ್ಲಿಸಲು ನೋಡಿದೆವು. ಒಂದು ಸುತ್ತು ಸುತ್ತುವಷ್ಟರಲ್ಲಿ ಅವಳ ಕಾಲು ಮಡಿಚಿಕೊಂಡಿತು. ನನ್ನ ಭುಜವೂ ಚುಳ್ಳೆಂದಿತು, ಕೈ ಬಿಟ್ಟೆ. ಅವಳು ಕುರ್ಚಿಗೆ ದೊಪ್ಪನೆ ಬಿದ್ದಳು.

“ಆಯ್ತಲ್ಲ?” ಎಂದಳು ಸರೋಜಕ್ಕ, ಸಣ್ಣ ದನಿಯಲ್ಲಿ. “ಹೋಗು. ಒಂದು ಕೈ ಇಲ್ಲದೋಳು ಒಬ್ಬಳು, ಕೈ ಎತ್ತಕ್ಕಾಗದೋಳು ಇನ್ನೊಬ್ಬಳು. ಯಾರಿಗೆ ಉಡಿಸ್ತೀಯ?”

ಪೂಜೆಯ ಮಣೆಯ ಕಡೆ ನೋಡಿದೆ. ಅಲ್ಲಿ ಗೌರಿ ಕೂತಿದ್ದಳು. ಯಾರೋ ಅವಸರದಲ್ಲಿ ಸುತ್ತಿದ ರವಿಕೆ ಕಣ, ಬೆನ್ನಿಗೆ ಒತ್ತಾಗಿ ಇಟ್ಟ ಚೊಂಬು. ನೋಡುತ್ತ ನೋಡುತ್ತ ನಗು ಬಂತು.

“ಅಕ್ಕ, ನಾವು ಯಾವತ್ತಾದ್ರೂ ಲಕ್ಷ್ಮೀನ ಎಬ್ಬಿಸಿ ನಿಲ್ಲಿಸಿ ಸೀರೆ ಉಡಿಸಿದ್ವಾ?”

ಅವಳು ನನ್ನ ಮುಖ ನೋಡಿದಳು. “ಹಂಗಾರೆ ನಾನು ತೆಂಗಿನಕಾಯೇನೇ?”

“ನಿನ್ ತಲೆ ಅದಕ್ಕಿಂತ ಗಟ್ಟಿ ಬುಡು. ಅಶ್ವಿನಿ, ಎರಡು ದಿಂಬು ತಗೊಂಬಾ.”

ಮೊದಲು ಬೆನ್ನಿಗೆ ದಿಂಬು. ಆಮೇಲೆ ಲಂಗಕ್ಕೆ ಸೊಂಟದ ಸುತ್ತ ಲಾಡಿ ಭದ್ರವಾಗಿ ಬಿಗಿದೆ. ಸೀರೆಯನ್ನು ಹಾಸಿಗೆಯ ಮೇಲೆ ಹರಡಿ ನೆರಿಗೆಗಳನ್ನು ಅಲ್ಲೇ ಹಿಡಿದು ಕ್ಲಿಪ್ಪು ಹಾಕಿಕೊಂಡೆ. ಅಲ್ಲಿಯವರೆಗೆ ನನ್ನ ಕೈ ಮೇಲೇಳಬೇಕಾದ ಕೆಲಸ ಯಾವುದೂ ಇರಲಿಲ್ಲ. ಅವಳು ಕುರ್ಚಿಯಿಂದಲೇ ಕತ್ತು ಚಾಚಿ ನೋಡುತ್ತಿದ್ದಳು.

“ನಾಲ್ಕೇ ನೆರಿಗೆನಾ? ನಾಟಿ ಮಾಡೋಕೆ ಹೋಗ್ತಿದ್ದೀನಾ ನಾನು?”

“ಕೂತೋಳಿಗೆ ನಾಲ್ಕು ಸಾಕು. ಮಿಕ್ಕಿದ್ದು ಸೆರಗಿಗೆ ಬೇಕು.”

“ಅಷ್ಟುದ್ದ ಸೆರಗು ಯಾಕೆ?”

ನೆರಿಗೆಯ ಕಟ್ಟನ್ನು ಮುಂದೆ ಸಿಕ್ಕಿಸಿ, ಅಂಚನ್ನು ಮಂಡಿಯ ಮೇಲಿಂದ ಇಳಿಬಿಟ್ಟೆ. ಸೆರಗನ್ನು ಎಡಭುಜಕ್ಕೆ ಹಾಕಬೇಕು. ಅಷ್ಟು ಬಟ್ಟೆ ಎತ್ತಿ ಬೀಸಿ ಎಸೆಯಲು ನನ್ನ ಕೈಯಲ್ಲಾಗದು. ತುದಿಯನ್ನು ಅವಳ ಎಡಗೈಗೆ ಕೊಟ್ಟೆ. ಅವಳೇ ತನ್ನ ಭುಜದ ಮೇಲಿಂದ ಹಿಂದಕ್ಕೆ ಎಸೆದಳು. ನಾನು ಹಿಂದೆ ಹೋಗಿ ಹಿಡಿದುಕೊಂಡೆ. ನನ್ನ ಹಳೇ ಜಾಗ. ಅವಳ ಬೆನ್ನು ಎಷ್ಟು ಸಣ್ಣಗಾಗಿದೆ ಎಂದು ಅಲ್ಲಿ ನಿಂತಾಗ ಗೊತ್ತಾಯಿತು.

ಸೆರಗನ್ನು ಬೆನ್ನ ಮೇಲಿಂದ ಬಲಗಡೆಗೆ ತಂದೆ. ಸುಮ್ಮನಿದ್ದ ಬಲಗೈಯ ಕೆಳಗಿಂದ ಹಾಯಿಸಿ, ಮುಂದಕ್ಕೆ ಬಿಟ್ಟು, ತುದಿಯನ್ನು ಮತ್ತೆ ಅವಳ ಎಡಗೈಗೆ ಕೊಟ್ಟೆ.

“ಎಳಿ,” ಎಂದೆ.

ಅವಳು ಎಳೆದಳು. ಸೀರೆ ಬಿಗಿಯಾಗುತ್ತ ಬಂದು ಆ ಬಲಗೈಯನ್ನು ಮಡಿಲಿನಿಂದ ಮೆಲ್ಲಗೆ ಮೇಲೆತ್ತಿತು. ಸರೋಜಕ್ಕ ಕೈಯನ್ನೇ ನೋಡಿದಳು. ಬಿಟ್ಟಳು, ಕೈ ಇಳಿಯಿತು. ಮತ್ತೆ ಎಳೆದಳು. ಆಮೇಲೆ ಕೆಲಸದ ದನಿಯಲ್ಲಿ, “ಇನ್ನೊಂದು ಗೇಣು ಬೇಕು ಕಣೇ. ಮೊರ ಮುಚ್ಚಬೇಕಲ್ಲ. ಒಂದು ನೆರಿಗೆ ಬಿಚ್ಚು,” ಎಂದಳು. ನೆರಿಗೆ ಒಂದು ಕಮ್ಮಿಯಾದರೆ ಮದುಮಗಳನ್ನೂ ಬೈದು ಕೂರಿಸುತ್ತಿದ್ದವಳು!

ಬಿಚ್ಚಿದೆ. ಭುಜದ ಹತ್ತಿರ ಜಾರದಂತೆ ಒಂದೇ ಒಂದು ಪಿನ್ನು ಹಾಕಿದೆ.

“ಎಲ್ಲಿ, ಬಾಗಿನ ತೋರ್ಸು,” ಎಂದೆ.

ಅವಳು ನನ್ನನ್ನು ಒಂದು ಬಗೆಯಾಗಿ ನೋಡಿ, ಸೆರಗು ಎಳೆದು, ಇಲ್ಲದ ಮೊರದ ಮೇಲೆ ಮುಚ್ಚಿ ತೋರಿಸಿದಳು. ಸೆರಗು ಬಂತು.

ನಾದಿನಿಯೇ ಮೊರ ತಂದು ಅವಳ ಮಡಿಲಲ್ಲಿಟ್ಟಳು. ಅಶ್ವಿನಿ ಎದುರಿಗೆ ಮಣೆ ಹಾಕಿಕೊಂಡು ಕೂತಳು. ಸರೋಜಕ್ಕ ಸೆರಗು ಎಳೆದಳು. ಬಲಗೈ ಮೇಲೆ ಬಂದು ಮೊರದ ಅಂಚಿನ ಮೇಲೆ ಕೂತಿತು. ಉಳಿದ ಸೆರಗು ಎರಡೂ ಕೈಯನ್ನು ಮುಚ್ಚಿತು.

“ಬಲಗೈ ಮುಂದೆ ಐತಾ ಗಿರ್ಜಾ?”

“ಐತೆ ಕಣಕ್ಕ.”

“ತಗಳವ್ವ,” ಎಂದಳು ಮಗಳಿಗೆ.

ಅಶ್ವಿನಿ ಸೆರಗು ಒಡ್ಡಲು ಹೋದಳು. ಬರಲಿಲ್ಲ. ಎಳೆದಳು. ಇಲ್ಲ. ಅವಳ ಗಂಡನ ಊರಿನ ಪಾರ್ಲರಿನವರು ಸೆರಗನ್ನು ಸಣ್ಣ ಸಣ್ಣಗೆ ಮಡಿಸಿ ಭುಜಕ್ಕೆ ಪಿನ್ನು ಹೊಡೆದಿದ್ದರು.

“ಅಯ್ಯೋ ನಿನ್ನ!” ಎಂದಳು ಸರೋಜಕ್ಕ. “ನನ್ನ ಮಗಳಾಗಿ ಹಿಂಗ್ ಉಟ್ಕೊಂಡ್ ಬಂದಿದ್ದೀಯಲ್ಲೇ! ಗಿರ್ಜಾ, ಏನೇ ನೋಡ್ತಾ ನಿಂತಿದ್ದೀಯ? ಹಿಂದೆ ಹೋಗು!”

ನಾನು ಅಶ್ವಿನಿಯ ಹಿಂದೆ ಕೂತು, ಜಡೆಯ ಕೆಳಗೆ ಕೈ ಹಾಕಿ ಪಿನ್ನು ಬಿಚ್ಚಿದೆ. ಬಿಚ್ಚಿದ್ದನ್ನೆಲ್ಲ ಬಾಯಲ್ಲಿ ಕಚ್ಚಿಕೊಂಡೆ. ತಾಯಿ ಮಗಳು ಇಬ್ಬರೂ ನಗುತ್ತಿದ್ದರು, ಇಬ್ಬರ ಕೆನ್ನೆಯೂ ಒದ್ದೆಯಾಗಿತ್ತು. ಬಾಯಿ ತುಂಬ ಪಿನ್ನಿದ್ದ ನಾನು ಅತ್ತ ನಗುವಂತಿಲ್ಲ, ಇತ್ತ ಅಳುವಂತಿಲ್ಲ. ಸೆರಗಿಗೆ ಸೆರಗು ತಾಗಿ ಮೊರ ಆ ಮಡಿಲಿನಿಂದ ಈ ಮಡಿಲಿಗೆ ಬಂತು.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಕೋಸಂಬರಿ, ಚಿತ್ರಾನ್ನ, ಅಂಬೊಡೆ, ಅನ್ನ, ಹುಳಿ. ನಾನು ತಂದ ಹೂರಣದಲ್ಲಿ ನಾದಿನಿ ತಟ್ಟಿದ ಕಾಯೊಬ್ಬಟ್ಟಿಗೆ ತುಪ್ಪ. ಸರೋಜಕ್ಕನಿಗೆ ಅಶ್ವಿನಿ ತಿನ್ನಿಸಿದಳು. ಎರಡು ಒಬ್ಬಟ್ಟು ತಿಂದು, ಮೂರನೆಯದಕ್ಕೆ ಬೇಡ ಎನ್ನುತ್ತ ಬಾಯಿ ತೆರೆದಳು. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಉರುಳಿದೆವು. ರಂಗಣ್ಣನ ಗೊರಕೆ ಇನ್ನೂ ಶುರುವಾಗಿರಲಿಲ್ಲ, ಸರೋಜಕ್ಕ ಎಲ್ಲರಿಗಿಂತ ಮೊದಲು ಕುರ್ಚಿಯಲ್ಲೇ ದಿಂಬಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಚುಚ್ಚೀತೆಂದು ನಾನು ಎದ್ದು ಹೋಗಿ ನೆರಿಗೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದೆ. ಹಿಂದೆ ಹೋಗಿ ಭುಜದ ಪಿನ್ನಿಗೆ ಕೈಯಿಟ್ಟೆ.

“ಅದು ಇರ್ಲಿ ಬುಡು,” ಎಂದಳು, ಕಣ್ಣು ತೆರೆಯದೆ. ಸೆರಗಿನ ತುದಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಅಷ್ಟು ಹೇಳಿ ನಿದ್ದೆ ಹೋದಳು.